ಮನೆಗೆ ತಂದ ನಾಲ್ಕನೇ ದಿನಕ್ಕೆ ನಾಯಿಮರಿಗೆ ಕಾಯಿಲೆ: ತಪ್ಪು ಮಾರಿದವರದೋ, ಕೊಂಡವರದೋ?

ನಾಯಿಮರಿ ಕೊಳ್ಳುವವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಮಾತು ಸುತ್ತುತ್ತಲೇ ಇರುತ್ತವೆ. ಮರಿ ಕೊಂಡು ಏಳು ದಿನದೊಳಗೆ ಸತ್ತರೆ ಬ್ರೀಡರ್ ಪೂರ್ತಿ ಹಣ ವಾಪಸ್ ಕೊಡಲೇಬೇಕು, ಅದು ಕಾನೂನು ಎಂಬುದು ಒಂದು. ಮರಿ ನಮ್ಮ ಗೇಟು ದಾಟಿದ ಮೇಲೆ ಏನಾದರೂ ನಮ್ಮ ಜವಾಬ್ದಾರಿ ಅಲ್ಲ ಎಂಬ ಬ್ರೀಡರುಗಳ ಮಾತು ಇನ್ನೊಂದು.

ಎರಡೂ ಪೂರ್ತಿ ನಿಜವಲ್ಲ. ಯಾವ ಕಾಯಿಲೆ, ಎಷ್ಟನೇ ದಿನಕ್ಕೆ ಕಾಣಿಸಿತು, ಕೈಯಲ್ಲಿ ಯಾವ ದಾಖಲೆ ಇದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಈ ಜಗಳದ ಹಿಂದಿರುವ ವಿಜ್ಞಾನ ಮತ್ತು ಕಾನೂನು ಎರಡನ್ನೂ ನೋಡೋಣ.

ಮೊದಲು ಪಾರ್ವೋ ಲೆಕ್ಕ

ಇಂಥ ಜಗಳಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರು ಪಾರ್ವೋ. ಇದು ಮರಿಯ ಕರುಳಿಗೆ ಬಡಿಯುವ ವೈರಸ್. ಮಂಕು, ಊಟ ಬಿಡುವುದು, ವಾಂತಿ, ಆಮೇಲೆ ರಕ್ತ ಬೆರೆತ, ಕೆಟ್ಟ ವಾಸನೆಯ ಭೇದಿ. ಚಿಕಿತ್ಸೆ ಸಿಗದಿದ್ದರೆ ಬಹುಪಾಲು ಮರಿಗಳು ಉಳಿಯುವುದಿಲ್ಲ. ಬೇಗ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಕೊಟ್ಟರೆ ಹೆಚ್ಚಿನವು ಉಳಿಯುತ್ತವೆ.

ವೈರಸ್ ಒಳಹೊಕ್ಕ ದಿನವೇ ಮರಿ ಕಾಯಿಲೆ ಬೀಳುವುದಿಲ್ಲ. ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಕೆಲವೊಮ್ಮೆ 14 ದಿನದವರೆಗೂ ಹೋಗುತ್ತದೆ. ಅಷ್ಟರವರೆಗೆ ಮರಿ ಆಡಿಕೊಂಡೇ ಇರುತ್ತದೆ. ಕೊಡುವಾಗ ಚೆನ್ನಾಗಿತ್ತು ಎಂದು ಬ್ರೀಡರ್ ಹೇಳಿದರೆ ಅದು ಸುಳ್ಳಾಗಬೇಕಿಲ್ಲ. ಆದರೆ ಅಷ್ಟರಿಂದಲೇ ಅವರಲ್ಲಿ ಸೋಂಕು ಇರಲಿಲ್ಲ ಎಂದೂ ಆಗುವುದಿಲ್ಲ.

ದಿನದ ಲೆಕ್ಕ ಹೀಗಿದೆ:

- ತಂದ ಮೊದಲ ಎರಡು ದಿನದಲ್ಲೇ ಲಕ್ಷಣ ಕಂಡರೆ, ಸೋಂಕು ತರುವ ಮೊದಲೇ ತಗುಲಿರುವ ಸಾಧ್ಯತೆ ತುಂಬಾ ಹೆಚ್ಚು.
- ಮೂರನೇ ದಿನದಿಂದ ಎರಡು ವಾರದವರೆಗೆ ಎರಡೂ ಸಾಧ್ಯ. ಬ್ರೀಡರ್ ಜಾಗ, ದಾರಿ, ವಾಹನ, ನಿಮ್ಮ ಮನೆ ಇದರಲ್ಲಿ ಯಾವುದಾದರೂ ಆಗಿರಬಹುದು. ದಿನ ಕಳೆದಂತೆ ಅನುಮಾನ ಮನೆಯ ಕಡೆಗೆ ವಾಲುತ್ತದೆ.
- ಎರಡು ವಾರ ದಾಟಿದ ಮೇಲೆ ಬಂದರೆ, ಮನೆಗೆ ಬಂದ ಮೇಲೆ ತಗುಲಿದ್ದು ಎಂದುಕೊಳ್ಳುವುದೇ ಸರಿ.

ನಡುವಿನ ಈ ದಿನಗಳೇ ಜಗಳದ ದಿನಗಳು. ಆಗ ದಾರಿ ತೋರಿಸುವ ಪ್ರಶ್ನೆಗಳು ಎರಡು. ಅದೇ ಸೂಲಿನ ಬೇರೆ ಮರಿಗಳಿಗೂ ಅದೇ ವಾರ ಕಾಯಿಲೆ ಬಂದಿದೆಯೇ? ಬಂದಿದ್ದರೆ ಸೋಂಕಿನ ಮೂಲ ಹುಟ್ಟಿದ ಜಾಗ ಎನ್ನಲು ಅದು ಬಲವಾದ ಸುಳಿವು. ನಿಮ್ಮ ಮನೆಯಲ್ಲಿ ಕಳೆದ ಒಂದು ವರ್ಷದಲ್ಲಿ ಬೇರೆ ನಾಯಿಗೆ ಪಾರ್ವೋ ಬಂದಿತ್ತೇ? ಈ ವೈರಸ್ ನೆಲ, ಮಣ್ಣು, ಬಟ್ಟೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಮನೆಗೆ ಲಸಿಕೆ ಮುಗಿಯದ ಮರಿ ತಂದಿದ್ದರೆ ಬೆರಳು ಈ ಕಡೆಗೇ ತಿರುಗುತ್ತದೆ.

ಲಸಿಕೆ ಹಾಕಿಸಿದ್ದರೂ ಯಾಕೆ ಬಂತು?

ಬುಕ್ಕಿನಲ್ಲಿ ಒಂದು ಸ್ಟಿಕ್ಕರ್ ಇದೆ, ಆದರೂ ಪಾರ್ವೋ ಬಂತು, ಹಾಗಾದರೆ ಲಸಿಕೆಯೇ ನಕಲಿ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಹಾಗಿರಬೇಕಿಲ್ಲ.

ಹುಟ್ಟಿದ ಮರಿಗೆ ತಾಯಿಯ ಗಿಣ್ಣುಹಾಲಿನಿಂದ ರಕ್ಷಣೆ ಸಿಗುತ್ತದೆ. ಅದು ವಾರ ಕಳೆದಂತೆ ಇಳಿಯುತ್ತದೆ. ತೊಂದರೆ ಏನೆಂದರೆ, ತಾಯಿಯಿಂದ ಬಂದ ಈ ರಕ್ಷಣೆ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಹೀಗಾಗಿ ತಾಯಿಯ ರಕ್ಷಣೆ ಸಾಕಾಗದ, ಲಸಿಕೆಯೂ ಹಿಡಿಯದ ಕೆಲವು ದಿನಗಳು ನಡುವೆ ಬರುತ್ತವೆ. ಯಾವ ಮರಿಗೆ ಯಾವ ವಾರ ಎಂದು ಮೊದಲೇ ಹೇಳಲಾಗದು. ಅದಕ್ಕೇ 6ರಿಂದ 8 ವಾರಕ್ಕೆ ಮೊದಲ ಲಸಿಕೆ ಕೊಟ್ಟು, 3-4 ವಾರಕ್ಕೊಮ್ಮೆ ಮತ್ತೆ ಹಾಕುತ್ತಾ, ಮರಿಗೆ 16 ವಾರ ಆಗುವವರೆಗೆ ಮುಂದುವರಿಸಬೇಕು. ಒಂದೇ ಡೋಸ್ ಆದ ಮರಿಯನ್ನು ಫುಲ್ಲಿ ವ್ಯಾಕ್ಸಿನೇಟೆಡ್ ಎಂದು ಮಾರುವುದು ತಪ್ಪು. ಅದನ್ನು ನಂಬಿ ಪಾರ್ಕಿಗೆ ಕರೆದೊಯ್ಯುವುದೂ ತಪ್ಪು.

ಹಾಗೆಂದು ಬುಕ್ಕನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಟಿಕ್ಕರ್ ಜೊತೆಗೆ ತಾರೀಖು, ಪಶುವೈದ್ಯರ ಸಹಿ, ನೋಂದಣಿ ಸಂಖ್ಯೆ ಇರುವ ಸೀಲು ಇದೆಯೇ ನೋಡಿ. ಇಲ್ಲದಿದ್ದರೆ ಲಸಿಕೆ ಆಗಿಲ್ಲ ಎಂದೇ ಭಾವಿಸಿ ನಿಮ್ಮ ವೈದ್ಯರನ್ನು ಕೇಳಿ.

ಚಿಕ್ಕ ಮರಿ ತಂದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆಯೇ?

ಇದೂ ತುಂಬಾ ಹರಡಿರುವ ನಂಬಿಕೆ. ಇದರಿಂದಲೇ 30-35 ದಿನದ ಮರಿಗಳಿಗೆ ಗಿರಾಕಿ ಸಿಗುವುದು. ಆ ವಯಸ್ಸಿಗೆ ತಾಯಿಹಾಲು ಬಿಡಿಸಿ, ಆಹಾರ ಬದಲಿಸಿ, ಬಸ್ಸಿನಲ್ಲೋ ಕಾರಿನಲ್ಲೋ ಹೊಸ ಮನೆಗೆ ತಂದರೆ ಮರಿ ಸೊರಗುತ್ತದೆ. ಲಸಿಕೆ ಶುರುವಾಗುವ ವಯಸ್ಸೂ ಅದಕ್ಕೆ ಆಗಿರುವುದಿಲ್ಲ.

ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದಾರೆ ಎನಿಸಿದರೆ ಬಾಯಿ ತೆರೆದು ನೋಡಿ. ಮರಿಯ ಹಾಲುಹಲ್ಲು ಮೂರನೇ ವಾರದ ಹೊತ್ತಿಗೆ ಮೂಡಲು ಶುರುವಾಗಿ, ಎಂಟು ವಾರದ ಸುಮಾರಿಗೆ 28 ಹಲ್ಲೂ ಬಂದಿರುತ್ತವೆ. ಎರಡು ತಿಂಗಳ ಮರಿ ಎಂದು ಕೊಟ್ಟದ್ದಕ್ಕೆ ಮುಂದಿನ ಹಲ್ಲುಗಳೇ ಪೂರ್ತಿ ಬಂದಿಲ್ಲ ಎಂದರೆ ಅನುಮಾನ ಪಡಿ. ಪಶುವೈದ್ಯರಿಂದ ವಯಸ್ಸಿನ ಅಂದಾಜನ್ನು ಬರೆಸಿಕೊಳ್ಳಿ.

ಎಲ್ಲ ಕಾಯಿಲೆಗೂ ಒಂದೇ ಲೆಕ್ಕ ಅಲ್ಲ

*ಜಂತುಹುಳು:* ದುಂಡುಹುಳು ಹುಟ್ಟುವ ಮೊದಲೇ ತಾಯಿಯಿಂದ ಮರಿಗೆ ದಾಟುತ್ತದೆ, ಕೊಕ್ಕೆಹುಳು ಹಾಲಿನಿಂದ ಬರುತ್ತದೆ. ಅದಕ್ಕೇ ಎರಡು ವಾರದ ವಯಸ್ಸಿನಿಂದಲೇ ಹುಳದ ಔಷಧ ಕೊಡಬೇಕು. ತಂದ ವಾರದಲ್ಲೇ ಹೊಟ್ಟೆ ಉಬ್ಬಿ ಮಲದಲ್ಲಿ ಹುಳ ಕಂಡರೆ ಅದು ನಿಮ್ಮ ಮನೆಯದಲ್ಲ. ಆದರೆ ಜಗಳಕ್ಕೆ ಇಳಿಯುವಷ್ಟು ದೊಡ್ಡದೂ ಅಲ್ಲ, ಔಷಧಕ್ಕೆ ಹೋಗುತ್ತದೆ.

*ಡಿಸ್ಟೆಂಪರ್:* ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ಕಣ್ಣು-ಮೂಗು ಸೋರುವುದು ಶುರುವಾಗುತ್ತದೆ. ಫಿಟ್ಸ್, ಸ್ನಾಯು ಸೆಳೆತ ಇನ್ನೂ ವಾರಗಟ್ಟಲೆ ತಡವಾಗಿ ಬರಬಹುದು. ಅಷ್ಟು ದಿನ ಕಳೆದಿರುವುದರಿಂದ ಮೂಲ ಹೇಳುವುದು ಪಾರ್ವೋಗಿಂತ ಕಷ್ಟ.

*ಸೊಂಟದ ಕೀಲಿನ ದೋಷ:* ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್‌ನಂಥ ದೊಡ್ಡ ತಳಿಗಳಲ್ಲಿ ಹೆಚ್ಚು. ಎರಡು ತಿಂಗಳ ಮರಿಯಲ್ಲಿ ಕಾಣುವುದಿಲ್ಲ, ಓಡಾಟ ಶುರುವಾದ ತಿಂಗಳುಗಳ ನಂತರ ಗೊತ್ತಾಗುತ್ತದೆ. ಇದು ಅಪ್ಪ-ಅಮ್ಮನಿಂದ ಬರುವ ಗುಣ, ಆದರೆ ಒಂದೇ ಜೀನ್‌ನಿಂದ ಅಲ್ಲ. ಕೀಲು ಸರಿಯಿರುವ ಜೋಡಿಗೂ ದೋಷದ ಮರಿ ಹುಟ್ಟಬಹುದು. ಸಾಕುವವರ ಪಾಲೂ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೀವಮಾನ ಪೂರ್ತಿ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಲುಭಾಗ ಕಡಿಮೆ ಊಟ ಸಿಕ್ಕ ನಾಯಿಗಳಿಗೆ ಕೀಲುನೋವು ತಡವಾಗಿ ಬಂತು, ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ದುಂಡಗಿರುವ ಮರಿಯೇ ಆರೋಗ್ಯದ ಮರಿ ಎಂಬ ನಮ್ಮ ನಂಬಿಕೆಗೆ ಇದು ತಿರುಗುಬಾಣ.

ಇಲ್ಲಿ ಬ್ರೀಡರನ್ನು ಕೇಳಬೇಕಾದದ್ದು ಅಪ್ಪ-ಅಮ್ಮನ ಸೊಂಟದ ಎಕ್ಸ್‌ರೇ. ಕೆನೆಲ್ ಕ್ಲಬ್ ಸರ್ಟಿಫಿಕೇಟ್ ಇದ್ದರೆ ಸಾಕು ಎಂದುಕೊಳ್ಳಬೇಡಿ. ಅದು ವಂಶದ ದಾಖಲೆ ಮಾತ್ರ, ಆರೋಗ್ಯದ ಗ್ಯಾರಂಟಿ ಅಲ್ಲ.

ಕಾನೂನು ಏನು ಹೇಳುತ್ತದೆ?

ಏಳು ದಿನದ ಕಾನೂನು ಎಂಬುದು ಭಾರತದಲ್ಲಿ ಇಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ನಾಯಿಮರಿಗೆಂದೇ ಇಂಥ ಕಾನೂನುಗಳಿವೆ. ಫ್ಲೋರಿಡಾದಲ್ಲಿ ಸೋಂಕಿಗೆ 14 ದಿನ, ಹುಟ್ಟಿನಿಂದ ಬಂದ ದೋಷಕ್ಕೆ ಒಂದು ವರ್ಷದ ಗಡುವು. ನಮ್ಮಲ್ಲಿ ನೋಡಬೇಕಾದದ್ದು ಎರಡು.

ಒಂದು, 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳು. ಇವು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಬಂದವು. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮಾರುವ ಮೊದಲು ಮೈಕ್ರೋಚಿಪ್ ಮತ್ತು ವಯಸ್ಸಿಗೆ ತಕ್ಕ ಲಸಿಕೆ ಹಾಕಿಸಿರಬೇಕು. ಊಟ, ಲಸಿಕೆ, ಹುಳದ ಔಷಧದ ವಿವರ ಮತ್ತು ನೋಡುತ್ತಿದ್ದ ಪಶುವೈದ್ಯರ ಹೆಸರು-ವಿಳಾಸವನ್ನು ಬರೆದು ಕೊಡಬೇಕು. ಒಂದು ಹೆಣ್ಣುನಾಯಿಗೆ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಆಗಬಾರದು.

ಎರಡು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕೇಳಲು ಬೇಸರವಾದರೂ, ಕಾನೂನಿನ ಕಣ್ಣಿಗೆ ಮರಿಯೂ ಒಂದು ಸರಕು. ಇದರಿಂದ ಕೊಂಡವರಿಗೆ ಅನುಕೂಲವೂ ಇದೆ. ವ್ಯಾಪಾರಿ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಬೇರೆ ಅವಧಿ ನಮೂದಿಸಿರದಿದ್ದರೆ, ದೋಷವಿರುವ ಸರಕನ್ನು 30 ದಿನದೊಳಗೆ ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವುದೂ ಅದೇ ಸಾಲಿಗೆ ಬರುತ್ತದೆ. ಆದರೆ ಮಾರುವಾಗಲೇ ದೋಷ ಇತ್ತು ಎಂಬುದಕ್ಕೆ ಆಧಾರ ಬೇಕು. ರಸೀದಿಯಲ್ಲಿ ನೋ ಗ್ಯಾರಂಟಿ ಎಂದು ಬರೆದ ಮಾತ್ರಕ್ಕೆ ದೂರು ಕೊಡುವ ಹಕ್ಕು ಹೋಗುವುದಿಲ್ಲ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬದಲಿ ಮರಿ ಕೊಡುತ್ತೇವೆ ಎಂದರೆ?

ಜಗಳ ಸಾಮಾನ್ಯವಾಗಿ ಮುಗಿಯುವುದು ಇಲ್ಲಿಗೇ. ಆ ಮರಿ ವಾಪಸ್ ತನ್ನಿ, ಬೇರೆ ಕೊಡುತ್ತೇವೆ ಎನ್ನುತ್ತಾರೆ. ಒಳ್ಳೆಯ ಮಾತಿನಂತೆ ಕಂಡರೂ ಇದರಲ್ಲಿ ಎರಡು ಅಪಾಯಗಳಿವೆ. ಪಾರ್ವೋ ಇರುವ ಮರಿ ಹಿಂತಿರುಗಿದರೆ ಅಲ್ಲಿರುವ ಬೇರೆ ಮರಿಗಳಿಗೂ ಅಂಟುತ್ತದೆ. ಬದಲಿ ಮರಿಯನ್ನು ಅದೇ ವಾರ ನಿಮ್ಮ ಮನೆಗೆ ತಂದರೆ, ನೆಲದಲ್ಲಿರುವ ವೈರಸ್ ಅದಕ್ಕೂ ಅಂಟುತ್ತದೆ. ಎರಡನೇ ಮರಿಯೂ ಸತ್ತರೆ ಆಗ ತಪ್ಪು ಯಾರದು?

ಹಣವನ್ನೇ ಕೇಳಿ, ಇಲ್ಲವೇ ಬದಲಿ ಮರಿಯನ್ನು ತಿಂಗಳುಗಳ ನಂತರ, ಲಸಿಕೆ ಮುಗಿದದ್ದನ್ನು ಕೇಳಿ. ಮನೆಯನ್ನು ಮೊದಲು ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಿ. ಈ ವೈರಸ್‌ಗೆ ಮಾಮೂಲಿ ಫಿನಾಯಿಲ್ ಸಾಲದು.

ನೀವು ಮಾಡಬಹುದಾದದ್ದು

- ಎಂಟು ವಾರ ತುಂಬಿದ ಮರಿಯನ್ನೇ ತನ್ನಿ. ತಾಯಿಯನ್ನೂ ಅದು ಇರುವ ಜಾಗವನ್ನೂ ಕಣ್ಣಾರೆ ನೋಡಿ.
- ಬಿಲ್ ಪಡೆಯಿರಿ. ಅದು ಸಿಗದಿದ್ದರೂ ಯುಪಿಐ ಪಾವತಿ, ವಾಟ್ಸಾಪ್ ಚಾಟ್, ಜಾಹೀರಾತಿನ ಸ್ಕ್ರೀನ್‌ಶಾಟ್ ಅಳಿಸಬೇಡಿ.
- ಕಾಯಿಲೆ ಬಂದರೆ ಏನು ಎಂಬುದನ್ನು ಕೊಳ್ಳುವ ಮೊದಲೇ ಬರೆಸಿಕೊಳ್ಳಿ. ನಿಯತ್ತಿನ ಬ್ರೀಡರಿಗೂ ಇದರಿಂದ ರಕ್ಷಣೆ.
- ತಂದ 48 ಗಂಟೆಯೊಳಗೆ ನಿಮ್ಮ ಪಶುವೈದ್ಯರಿಗೆ ತೋರಿಸಿ ಚೀಟಿ ಪಡೆಯಿರಿ. ಎರಡೂ ಕಡೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.
- ಕಾಯಿಲೆ ಕಂಡ ದಿನವೇ ಮಲ ಪರೀಕ್ಷೆ ಮಾಡಿಸಿ, ಬ್ರೀಡರಿಗೆ ಬರಹದಲ್ಲಿ ತಿಳಿಸಿ. ಪಾರ್ವೋ ಕಿಟ್ ಒಮ್ಮೊಮ್ಮೆ ತಪ್ಪು ಫಲಿತಾಂಶ ಕೊಡುತ್ತದೆ. ಇತ್ತೀಚೆಗೆ ಲಸಿಕೆ ಹಾಕಿಸಿದ್ದರೆ ವೈದ್ಯರಿಗೆ ಹೇಳಿ.
- ಮರಿ ಸತ್ತರೆ, ನೋವಿನಲ್ಲೂ ಇದೊಂದನ್ನು ಯೋಚಿಸಿ: ಮರಣೋತ್ತರ ಪರೀಕ್ಷೆ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಮೊದಲು ಫೋನ್ ಮಾಡಿ ಕೇಳಿ. ದೇಹವನ್ನು ಐಸ್ ಜೊತೆ ತಣ್ಣಗಿಡಿ, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಮರಿ ವಾಂತಿ ಮಾಡುತ್ತಿರುವಾಗ ಬ್ರೀಡರ್ ಜೊತೆ ಫೋನಿನಲ್ಲಿ ವಾದಿಸುತ್ತಾ, ಅವರು ಹೇಳಿದ ಮನೆಮದ್ದು ಕುಡಿಸುತ್ತಾ ಒಂದು ದಿನ ಕಳೆಯಬೇಡಿ. ವಾಂತಿಯಾಗುತ್ತಿರುವ ಮರಿಗೆ ಬಾಯಿಂದ ಕೊಟ್ಟದ್ದು ಒಳಗೆ ನಿಲ್ಲುವುದಿಲ್ಲ. ಯಾರ ತಪ್ಪು ಎಂದು ಹೇಳಲು ಎರಡು ವರ್ಷ ಸಮಯ ಇದೆ. ಮರಿಗೆ ಇರುವುದು ಕೆಲವೇ ಗಂಟೆಗಳು.

ನಿಮ್ಮ ಬಳಗದಲ್ಲಿ ಯಾರಾದರೂ ಮರಿ ತರುವ ಯೋಚನೆಯಲ್ಲಿದ್ದರೆ, ತರುವ ಮೊದಲೇ ಇದನ್ನು ಅವರಿಗೆ ಕಳಿಸಿ.