ಬೆಕ್ಕಿನ ಮೈತುರಿಕೆಗೆ ಮದ್ದು ಹಚ್ಚುವ ಮುನ್ನ

ಕಾಳುಕಡಿ ಇರುವ ಮನೆಯಲ್ಲಿ ಬೆಕ್ಕು ಇರಲೇಬೇಕೆಂಬುದು ಹಿರಿಯರ ರೂಢಿ. ಇಲಿಗಳಿಂದ ಧಾನ್ಯವನ್ನು ಕಾಯುವ ಆ ಮೂಕಪ್ರಾಣಿಯು ಕ್ರಮೇಣ ಮನೆಯ ಮಕ್ಕಳಲ್ಲಿ ಒಂದಾಗಿಬಿಡುತ್ತದೆ. ಅಂಥ ಬೆಕ್ಕು ಹಗಲಿರುಳೂ ಮೈ ಕೆರೆದುಕೊಳ್ಳತೊಡಗಿ, ಕುತ್ತಿಗೆ, ಬೆನ್ನು, ಬಾಲದ ಬುಡಗಳಲ್ಲಿ ಹಕ್ಕಳೆಗಟ್ಟಿದಾಗ ಮನೆಯವರ ಮನಸ್ಸು ಮರುಗುವುದು ಸಹಜ. ಮರುಗಿದವರು ಕೈಗೆ ಸಿಕ್ಕ ಮದ್ದನ್ನು ಹಚ್ಚಲು ಮುಂದಾಗುವುದೂ ಸಹಜವೇ. ಆದರೆ ಅನಾಹುತವಿರುವುದು ಇಲ್ಲಿಯೇ. ತುರಿಕೆಯಿಂದ ಬದುಕಿ ಉಳಿಯಬಹುದಾಗಿದ್ದ ಬೆಕ್ಕು, ತುರಿಕೆಗೆಂದು ಹಚ್ಚಿದ ಮದ್ದಿನಿಂದ ಸಾಯುವುದುಂಟು. ಆದುದರಿಂದ ಈ ತಿಂಗಳು ಈ ವಿಷಯವನ್ನೇ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಹಕ್ಕಳೆಯೆಂಬುದು ಹಲವು ರೋಗಗಳಿಗೆ ಸಾಮಾನ್ಯವಾದ ಕುರುಹು. ಅವುಗಳಲ್ಲಿ ಬಹುವಾಗಿ ಕಾಣುವುದು ಚಿಗಟದ ಬಾಧೆ. ಚಿಗಟವು ಕಚ್ಚಿದಾಗ ಅದರ ಜೊಲ್ಲು ಬೆಕ್ಕಿನ ಚರ್ಮಕ್ಕೆ ಒಗ್ಗದೆ ಹೋದರೆ, ಕೆಲವೇ ಕಡಿತಗಳಿಂದಲೂ ಮೈಯೆಲ್ಲ ತುರಿಕೆಯೇಳುತ್ತದೆ. ರೋಮದೊಳಗೆ ಬೆರಳಾಡಿಸಿದರೆ ರಾಗಿಕಾಳಿನಂಥ ಸಣ್ಣ ಸಣ್ಣ ಹಕ್ಕಳೆಗಳು ಕೈಗೆ ಹತ್ತುತ್ತವೆ. ಕಣ್ಣಿಗೆ ಚಿಗಟವೇ ಕಾಣಲಿಲ್ಲವಲ್ಲ ಎಂದು ಕೆಲವರು ಕೇಳುವರು. ಬೆಕ್ಕು ಮೈ ನೆಕ್ಕುವಾಗ ಚಿಗಟಗಳನ್ನು ನುಂಗಿಬಿಡುವುದರಿಂದ ಅವು ಕಾಣದಿರಬಹುದು. ಹೇನು ತೆಗೆಯುವ ಬಾಚಣಿಗೆಯಿಂದ ಬೆನ್ನನ್ನು ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಹಾಕಿ ನೋಡಬೇಕು. ಕಣದ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟವು ಹೀರಿ ವಿಸರ್ಜಿಸಿದ ರಕ್ತವೆಂದು ತಿಳಿಯತಕ್ಕದ್ದು.

ಕಿವಿಯಂಚಿನಲ್ಲಿ ಮೊದಲ್ಗೊಂಡು ಮುಖ, ಕುತ್ತಿಗೆಗಳಿಗೆ ಹರಡುವ ದಪ್ಪನೆಯ ಬೂದುಬಣ್ಣದ ಹಕ್ಕಳೆಯು ಕಜ್ಜಿಯ ಲಕ್ಷಣ. ಕಣ್ಣಿಗೆ ಕಾಣದ ನುಸಿಗಳು ಚರ್ಮವನ್ನು ಕೊರೆದು ಇದನ್ನು ಉಂಟುಮಾಡುತ್ತವೆ. ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಕೊಳೆ ಕಂಡರೆ ಅದು ಕಿವಿಯ ನುಸಿಯಿರಬಹುದು. ದುಂಡುದುಂಡಾಗಿ ರೋಮ ಉದುರಿ ಹೊಟ್ಟೇಳುವುದು ಹುಳುಕಡ್ಡಿ, ಅಂದರೆ ಶಿಲೀಂಧ್ರದ ರೋಗ. ಬಿಳಿಯ ಬೆಕ್ಕಿನ ಕಿವಿಯ ತುದಿಯಲ್ಲಿ ಮಾಯದೆ ಉಳಿಯುವ ಹುಣ್ಣು ಬಿಸಿಲಿನಿಂದ ಬರುವ ಅರ್ಬುದ ರೋಗದ ಆರಂಭವೂ ಆಗಿರಬಹುದು. ಹೀಗೆ ಕಾರಣ ಬೇರೆಯಾದಂತೆ ಔಷಧವೂ ಬೇರೆಯಾಗುವುದರಿಂದ, ನೆರೆಮನೆಯ ಬೆಕ್ಕಿಗೆ ಗುಣವಾದ ಮದ್ದು ನಮ್ಮ ಬೆಕ್ಕಿಗೂ ಆದೀತೆಂದು ಎಣಿಸಲಾಗದು.

ಇನ್ನು ಮುಖ್ಯವಾದ ಮಾತು. ಬೆಕ್ಕಿನ ಯಕೃತ್ತು ನಮ್ಮ ಯಕೃತ್ತಿನಂತಲ್ಲ, ನಾಯಿಯ ಯಕೃತ್ತಿನಂತೆಯೂ ಅಲ್ಲ. ಅನೇಕ ವಿಷವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಮೇಲಾಗಿ, ಮೈಗೆ ಹಚ್ಚಿದುದೆಲ್ಲವನ್ನೂ ಬೆಕ್ಕು ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಆದಕಾರಣ ಫಿನೈಲು, ಸೀಮೆಎಣ್ಣೆಗಳನ್ನು ಸೋಕಿಸಲೇಬಾರದು. ಮನುಷ್ಯರ ಕಜ್ಜಿಗೆ ಬಳಸುವ ಬೆಂಜೈಲ್ ಬೆಂಜೋಯೇಟ್ ದ್ರಾವಣವು ಬೆಕ್ಕಿಗೆ ವಿಷ. ಬೇವಿನ ಎಣ್ಣೆ, ನೀಲಗಿರಿ ಎಣ್ಣೆಗಳು ನಮಗೆ ಹಿತವೆನಿಸಿದರೂ ಬೆಕ್ಕಿಗೆ ಅಪಾಯಕರ. ಎಲ್ಲಕ್ಕಿಂತ ಘೋರವಾದುದು ನಾಯಿಯ ಚಿಗಟಕ್ಕೆಂದು ತಂದ ಪರ್ಮೆಥ್ರಿನ್ ಉಳ್ಳ ಮದ್ದನ್ನು ಬೆಕ್ಕಿಗೆ ಹಾಕುವುದು. ಕೆಲವೇ ಗಂಟೆಗಳಲ್ಲಿ ಮೈ ನಡುಗಿ, ಸೆಳವು ಬಂದು ಪ್ರಾಣವೇ ಹೋಗಬಹುದು. ಅರಿಯದೆ ಹಾಕಿದ್ದಾದರೆ, ಬೆಕ್ಕಿಗೆ ಇನ್ನೂ ಸೆಳವು ಬಾರದಿದ್ದಲ್ಲಿ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಮೃದುವಾದ ಸಾಬೂನು ದ್ರವದಿಂದ ಮೈ ತೊಳೆದು, ಬಟ್ಟೆಯಲ್ಲಿ ಸುತ್ತಿ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಸೆಳವು ಆರಂಭವಾಗಿದ್ದರೆ ತೊಳೆಯುತ್ತ ಹೊತ್ತು ಕಳೆಯದೆ ನೇರವಾಗಿ ಒಯ್ಯಬೇಕು.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಪಶುವೈದ್ಯರು ಚರ್ಮವನ್ನು ಕೊಂಚ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ನುಸಿಯನ್ನೂ, ರೋಮವನ್ನು ಪರೀಕ್ಷಿಸಿ ಶಿಲೀಂಧ್ರವನ್ನೂ ಗುರುತಿಸಬಲ್ಲರು. ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ; ಸಮೀಪದವರು ಅಲ್ಲಿಯೂ ವಿಚಾರಿಸಬಹುದು. ಬೆಕ್ಕಿನ ಕತ್ತಿನ ಹಿಂಭಾಗದಲ್ಲಿ, ನಾಲಿಗೆ ತಲುಪದೆಡೆ ಬಿಡುವ ಹನಿಮದ್ದುಗಳು ಇಂದು ದೊರೆಯುತ್ತವೆ. ಬೆಕ್ಕಿನ ತೂಕಕ್ಕೆ ತಕ್ಕುದನ್ನು ವೈದ್ಯರು ಹೇಳಿದಂತೆಯೇ ಹಾಕಬೇಕು. ಆಹಾರ ಒಗ್ಗದೆ ಬಂದ ತುರಿಕೆಯೆಂಬ ಶಂಕೆಯಿದ್ದರೆ ವೈದ್ಯರು ಸುಮಾರು 8 ವಾರ ಪಥ್ಯದ ಆಹಾರವನ್ನೇ ಕೊಟ್ಟು ನೋಡಲು ಹೇಳುವರು. ಆ ಅವಧಿಯಲ್ಲಿ ಮಕ್ಕಳು ಮಮತೆಯಿಂದ ಬೇರೊಂದು ತುತ್ತು ಹಾಕಿದರೂ ಪಥ್ಯ ಕೆಟ್ಟಂತೆಯೇ.

ಚಿಗಟದ ಬಾಧೆಯಲ್ಲಿ ಬೆಕ್ಕಿಗೆ ಮಾತ್ರ ಮದ್ದು ಮಾಡಿದರೆ ಸಾಲದು. ಹೆಣ್ಣು ಚಿಗಟವು ದಿನಕ್ಕೆ 40ರವರೆಗೂ ಮೊಟ್ಟೆಗಳನ್ನಿಡಬಲ್ಲದು. ಅವು ಬೆಕ್ಕಿನ ಮೈಯಿಂದ ಉದುರಿ ಹಾಸಿಗೆ, ಕಂಬಳಿ, ನೆಲದ ಬಿರುಕುಗಳಲ್ಲಿ ಸೇರಿಕೊಳ್ಳುತ್ತವೆ. ಗೂಡಿನೊಳಗಿನ ಮರಿಚಿಗಟವು ತಿಂಗಳುಗಟ್ಟಲೆ ಕಾದಿರಬಲ್ಲದು. ಆದ್ದರಿಂದ ಮನೆಯ ಎಲ್ಲ ನಾಯಿಬೆಕ್ಕುಗಳಿಗೂ ಆಯಾ ಪ್ರಾಣಿಗೆ ಸಲ್ಲುವ ಮದ್ದನ್ನು ಕೆಲವು ತಿಂಗಳು ಬಿಡದೆ ಮಾಡಿಸುವುದು, ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವುವುದು, ಮೂಲೆಮೂಲೆಗಳನ್ನು ಗುಡಿಸಿ ಕಸವನ್ನು ಹೊರಹಾಕುವುದು ಅವಶ್ಯ.

ತಾಯಂದಿರು ಇನ್ನೊಂದನ್ನು ಗಮನಿಸಬೇಕು. ಹುಳುಕಡ್ಡಿಯು ಬೆಕ್ಕಿನಿಂದ ಮಕ್ಕಳಿಗೆ ಹತ್ತುತ್ತದೆ. ನುಸಿಯಿಂದಲೂ ಕೈಗಳಲ್ಲಿ ಕೆಲಕಾಲ ತುರಿಕೆಯೇಳಬಹುದು. ಆದರೆ ಅದಕ್ಕಾಗಿ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದು ಸಲ್ಲದು. ವೈದ್ಯರು ಗುಣವಾಯಿತೆನ್ನುವವರೆಗೆ ಪ್ರತ್ಯೇಕವಾಗಿರಿಸಿ, ಮುಟ್ಟಿದ ಬಳಿಕ ಕೈ ತೊಳೆದುಕೊಂಡರೆ ಸಾಕು.

ಮೂಕಪ್ರಾಣಿಯ ಮೇಲಿನ ದಯೆಗೆ ತಿಳಿವಳಿಕೆಯೂ ಜೊತೆಗೂಡಬೇಕೆಂಬುದೇ ನಮ್ಮ ವಿನಂತಿ. ತುರಿಸಿಕೊಳ್ಳುವ ಬೆಕ್ಕು ನಿಮ್ಮ ಮನೆಯಲ್ಲಿದ್ದರೆ, ಇಂದೇ ಬಾಚಣಿಗೆಯಿಂದ ಅದರ ಬೆನ್ನನ್ನು ಬಾಚಿ ನೋಡಿರಿ. ಕಪಾಟಿನಲ್ಲಿರುವ ಮದ್ದಿನ ಸೀಸೆಯನ್ನು ಮಾತ್ರ ವೈದ್ಯರನ್ನು ಕೇಳದೆ ತೆರೆಯದಿರಿ.