ಮನೆಯ ವಿಳಾಸ ಜಗತ್ತಿಗೇಕೆ? ಡೊಮೇನ್ ನೋಂದಣಿ ಮತ್ತು ಖಾಸಗಿತನದ ಹಕ್ಕು

ಬೆಂಗಳೂರು: ಸ್ವಂತ ಜಾಲತಾಣಕ್ಕೆ ಹೆಸರು ಕೊಳ್ಳುವುದು ಇಂದು ಹತ್ತು ನಿಮಿಷದ ಕೆಲಸ. ಹೆಸರು ಆರಿಸಿಕೊಂಡು, ನಮೂನೆ ತುಂಬಿ, ಹಣ ಕಟ್ಟಿದರೆ ಮುಗಿಯಿತು. ಮನೆಯಲ್ಲೇ ಪಾಠ ಹೇಳುವ ಶಿಕ್ಷಕಿ, ಸಣ್ಣ ವ್ಯಾಪಾರಿ, ಹವ್ಯಾಸಿ ಬರಹಗಾರ, ಮಾಹಿತಿ ಹಕ್ಕು ಕಾರ್ಯಕರ್ತ ಹೀಗೆ ಎಲ್ಲ ವರ್ಗದವರೂ ಇಂದು ಡೊಮೇನ್‌ಗಳ ಒಡೆಯರಾಗಿದ್ದಾರೆ. ಆದರೆ ಆ ನಮೂನೆಯಲ್ಲಿ ಬರೆದುಕೊಟ್ಟ ಹೆಸರು, ಮನೆಯ ವಿಳಾಸ, ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಯಾರ ಕಣ್ಣಿಗೆ ಬೀಳುತ್ತವೆ ಎಂದು ಯೋಚಿಸುವವರು ವಿರಳ.

ಈ ಪ್ರಶ್ನೆಗೆ ಈಗ ಹೊಸ ಮಹತ್ವ ಬಂದಿದೆ. ಡೊಮೇನ್ ನೋಂದಾಯಿಸಿಕೊಂಡವರ ವಿವರಗಳನ್ನು ರಿಜಿಸ್ಟ್ರಾರ್ ಕಂಪನಿಗಳು ತಾವಾಗಿಯೇ ಮರೆಮಾಡುವಂತಿಲ್ಲ, ಗ್ರಾಹಕರು ಬಯಸಿದರೆ ಮಾತ್ರ ಪ್ರತ್ಯೇಕ ಶುಲ್ಕ ಪಡೆದು ಆ ಸೌಲಭ್ಯ ನೀಡಬೇಕು ಎಂದು 2025ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನಿರ್ದೇಶಿಸಿತು. ನಕಲಿ ತಾಣಗಳ ಹಾವಳಿಗೆ ಕಡಿವಾಣ ಹಾಕುವುದು ನ್ಯಾಯಾಲಯದ ಉದ್ದೇಶ. ಆ ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಆದರೆ ಕಳ್ಳನನ್ನು ಹಿಡಿಯುವುದಕ್ಕಾಗಿ ಬೀದಿಯ ಎಲ್ಲ ಮನೆಗಳ ಬಾಗಿಲನ್ನೂ ತೆರೆದಿಡಬೇಕೆ ಎಂಬುದು ಚರ್ಚೆಯಾಗಬೇಕಾದ ವಿಷಯ.

ನಾಲ್ಕು ದಶಕಗಳ ಹಿಂದಿನ ಪಟ್ಟಿ

ಸಮಸ್ಯೆಯ ಬೇರು ಅಂತರ್ಜಾಲದ ಬಾಲ್ಯದಲ್ಲೇ ಇದೆ. ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಯಾರು ಯಾರಿದ್ದಾರೆ ಎಂದು ಹುಡುಕಲು ನೆರವಾಗುವ ‘ಹೂ ಈಸ್’ ಎಂಬ ವ್ಯವಸ್ಥೆಯ ನಿಯಮಾವಳಿ ಪ್ರಕಟವಾದದ್ದು 1982ರಲ್ಲಿ. ಆಗ ಆ ಜಾಲದಲ್ಲಿದ್ದವರು ಸಂಶೋಧಕರು, ವಿಶ್ವವಿದ್ಯಾಲಯದವರು ಮತ್ತು ರಕ್ಷಣಾ ಇಲಾಖೆಯವರು. ಯಂತ್ರ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂದು ತಿಳಿಯಲು ಅಂಥ ಪಟ್ಟಿಯೊಂದು ಬೇಕೇ ಇತ್ತು.

ಮುಂದೆ ಅಂತರ್ಜಾಲ ಜನಸಾಮಾನ್ಯರ ಕೈಗೆ ಬಂತು. 1998ರಲ್ಲಿ ಡೊಮೇನ್ ವ್ಯವಸ್ಥೆಯ ಮೇಲುಸ್ತುವಾರಿಗೆ ಐಕ್ಯಾನ್ ಸಂಸ್ಥೆ ಸ್ಥಾಪನೆಯಾಯಿತು. ಆದರೆ ಹಳೆಯ ಪದ್ಧತಿ ಹಾಗೆಯೇ ಮುಂದುವರಿಯಿತು. ಡಾಟ್ ಕಾಂ ಹೆಸರು ಕೊಂಡವರ ವಿಳಾಸ, ದೂರವಾಣಿ, ಇ-ಮೇಲ್ ಎಲ್ಲವೂ ಜಗತ್ತಿನ ಯಾರಿಗಾದರೂ ಪುಕ್ಕಟೆಯಾಗಿ ಸಿಗುತ್ತಿದ್ದವು.

ಇದರ ದುರುಪಯೋಗವೂ ಬೇಗನೆ ಶುರುವಾಯಿತು. ‘ನಿಮ್ಮ ಡೊಮೇನ್ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಳುಹಿಸಿ’ ಎಂದು ಬಿಲ್ಲಿನಂತೆ ಕಾಣುವ ಪತ್ರಗಳನ್ನು ಕಂಡಕಂಡವರ ವಿಳಾಸಕ್ಕೆ ಕಳುಹಿಸುತ್ತಿದ್ದ ‘ಡೊಮೇನ್ ರಿಜಿಸ್ಟ್ರಿ ಆಫ್ ಅಮೆರಿಕ’ ಎಂಬ ಕಂಪನಿಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿ ಕ್ರಮ ಕೈಗೊಳ್ಳಬೇಕಾಯಿತು. ಹಣದ ವಂಚನೆ ಒಂದು ಮುಖ ಮಾತ್ರ. ಬರಹ ಹಿಡಿಸದೆ ಮನೆ ಬಾಗಿಲಿಗೇ ಬರುವವರು, ಹೆಣ್ಣುಮಕ್ಕಳ ಫೋನ್ ನಂಬರ್ ಹುಡುಕಿ ಪೀಡಿಸುವವರು, ಇವರಿಗೂ ಆ ಪಟ್ಟಿ ಅಷ್ಟೇ ಸುಲಭವಾಗಿ ತೆರೆದುಕೊಂಡಿತ್ತು.

ದೊಡ್ಡ ಬದಲಾವಣೆ ಬಂದದ್ದು 2018ರಲ್ಲಿ. ಆ ವರ್ಷ ಮೇ 25ರಂದು ಐರೋಪ್ಯ ಒಕ್ಕೂಟದ ಜಿಡಿಪಿಆರ್ ಕಾನೂನು ಜಾರಿಗೆ ಬಂತು. ತಪ್ಪಿದರೆ 2 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ. 4, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಇದಕ್ಕೆ ಎಂಟು ದಿನ ಮೊದಲು ಐಕ್ಯಾನ್ ತರಾತುರಿಯಲ್ಲಿ ತಾತ್ಕಾಲಿಕ ನಿಯಮ ರೂಪಿಸಿ, ವೈಯಕ್ತಿಕ ವಿವರಗಳನ್ನು ಸಾರ್ವಜನಿಕ ಪಟ್ಟಿಯಿಂದ ಮರೆಮಾಡಲು ರಿಜಿಸ್ಟ್ರಾರ್‌ಗಳಿಗೆ ಅವಕಾಶ ನೀಡಿತು. ಬಹುತೇಕ ಕಂಪನಿಗಳು ಯೂರೋಪಿಗೆ ಒಂದು, ಉಳಿದವರಿಗೆ ಇನ್ನೊಂದು ಎಂಬ ಗೋಜಿಗೆ ಹೋಗದೆ ಎಲ್ಲ ದೇಶಗಳ ಗ್ರಾಹಕರಿಗೂ ಇದನ್ನೇ ಅನ್ವಯಿಸಿದವು. ಬೆಂಗಳೂರಿನ ಗ್ರಾಹಕನಿಗೆ ದೊರೆತ ರಕ್ಷಣೆ ಹೀಗೆ ಯೂರೋಪಿನ ಕೃಪೆಯಿಂದ ಬಂದದ್ದು ಎಂಬುದು ಗಮನಾರ್ಹ. 2025ರ ಜನವರಿ 28ರಿಂದ ಡಾಟ್ ಕಾಂ ಮುಂತಾದವುಗಳಿಗೆ ‘ಹೂ ಈಸ್’ ಸೇವೆ ಒದಗಿಸುವ ಕಡ್ಡಾಯವೂ ಇಲ್ಲವಾಗಿ, ಆರ್‌ಡಿಎಪಿ ಎಂಬ ಹೊಸ ವ್ಯವಸ್ಥೆ ಅದರ ಸ್ಥಾನಕ್ಕೆ ಬಂದಿದೆ.

ಎರಡು ಬಗೆಯ ಪರದೆ

ರಿಜಿಸ್ಟ್ರಾರ್‌ಗಳು ಮಾರುವ ಖಾಸಗಿತನದ ಸೇವೆಯಲ್ಲಿ ಎರಡು ಬಗೆಗಳಿವೆ. ‘ಪ್ರೈವೆಸಿ’ ಸೇವೆಯಲ್ಲಿ ಡೊಮೇನ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಸಂಪರ್ಕ ವಿವರ ಮಾತ್ರ ಕಂಪನಿಯದ್ದಾಗಿರುತ್ತದೆ. ‘ಪ್ರಾಕ್ಸಿ’ ಸೇವೆಯಲ್ಲಾದರೋ ದಾಖಲೆಯ ಪ್ರಕಾರ ಡೊಮೇನ್‌ನ ಒಡೆತನ ಆ ಪ್ರಾಕ್ಸಿ ಕಂಪನಿಯದ್ದೇ, ನೀವು ಅದನ್ನು ಬಳಸಲು ಅನುಮತಿ ಪಡೆದವರು ಅಷ್ಟೆ.

ಈ ವ್ಯತ್ಯಾಸ ಕೇವಲ ತಾಂತ್ರಿಕವಲ್ಲ. ರಿಜಿಸ್ಟರ್‌ಫ್ಲೈ ಎಂಬ ಅಮೆರಿಕದ ರಿಜಿಸ್ಟ್ರಾರ್ 2007ರಲ್ಲಿ ಕುಸಿದುಬಿದ್ದು ಮಾನ್ಯತೆ ಕಳೆದುಕೊಂಡಾಗ, ಅದರದೇ ಪ್ರಾಕ್ಸಿ ಸೇವೆಯ ಹಿಂದಿದ್ದ ಗ್ರಾಹಕರಿಗೆ ‘ಈ ಹೆಸರು ನಮ್ಮದು’ ಎಂದು ಸಾಬೀತುಪಡಿಸುವುದೇ ಕಷ್ಟವಾಯಿತು. ಪರದೆ ಕೊಳ್ಳುವ ಮುನ್ನ ಅದು ಯಾವ ಬಗೆಯದ್ದು, ಕಂಪನಿ ಮುಚ್ಚಿದರೆ ಹೆಸರು ಯಾರ ಪಾಲಾಗುತ್ತದೆ ಎಂದು ಷರತ್ತುಗಳಲ್ಲಿ ಓದಿಕೊಳ್ಳುವುದು ಜಾಣತನ.

ಡಾಟ್ ಇನ್ ಕಥೆಯೇ ಬೇರೆ

ನಮ್ಮ ದೇಶದ ಡಾಟ್ ಇನ್ ಹೆಸರುಗಳು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಅಥವಾ ನಿಕ್ಸಿ ಸಂಸ್ಥೆಯ ಅಧೀನದಲ್ಲಿವೆ. ಅದರ ನೀತಿಯಂತೆ ಡಾಟ್ ಇನ್‌ಗೆ ಪ್ರೈವೆಸಿ, ಪ್ರಾಕ್ಸಿ ಸೇವೆಗಳನ್ನು ಬಳಸುವಂತಿಲ್ಲ. ಹಾಗೆಂದು ಎಲ್ಲವೂ ಬಯಲಾಗುತ್ತದೆ ಎಂದಲ್ಲ. ವ್ಯಕ್ತಿಯ ಹೆಸರು, ಬೀದಿ ವಿಳಾಸ, ಫೋನ್ ಮತ್ತು ಇ-ಮೇಲ್‌ಗಳನ್ನು ಸಾರ್ವಜನಿಕ ಹುಡುಕಾಟದಲ್ಲಿ ಮರೆಮಾಡುವ ಪದ್ಧತಿ ಇಲ್ಲಿಯೂ ಬಂದಿದೆ. ಆದರೆ ಸಂಸ್ಥೆಯ ಹೆಸರು, ರಾಜ್ಯ ಮತ್ತು ದೇಶ ಕಾಣಿಸುತ್ತವೆ. ಇಲ್ಲಿಯೇ ಅನೇಕರು ಎಡವುವುದು. ಸಂಸ್ಥೆ ಇಲ್ಲದವರು ಆ ಜಾಗ ಖಾಲಿ ಬಿಡುವ ಬದಲು ತಮ್ಮ ಹೆಸರನ್ನೇ ಬರೆದುಬಿಡುತ್ತಾರೆ. ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ, ಒಂದು ಕಡೆ ಮರೆಯಾದ ಹೆಸರು ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೂ ಗಮನಿಸಬೇಕಾದ ಅಂಶವೊಂದಿದೆ. ಆ ದೇಶದ ಡಾಟ್ ಯುಎಸ್ ಹೆಸರುಗಳಿಗೆ ಇಂಥ ಮರೆಯ ನೋಂದಣಿಯನ್ನು ಅಲ್ಲಿನ ಸರ್ಕಾರ 2005ರಲ್ಲೇ ನಿಷೇಧಿಸಿತು. ಹೆಸರಿನ ಬಾಲ ಬದಲಾದರೆ ನಿಯಮವೂ ಬದಲಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ನ್ಯಾಯಾಲಯದ ಆತಂಕ

ದೆಹಲಿ ಹೈಕೋರ್ಟ್ ಮುಂದಿದ್ದ ಪ್ರಕರಣ ಕ್ಷುಲ್ಲಕವಾದದ್ದಲ್ಲ. ಡಾಬರ್ ಸೇರಿದಂತೆ ಹೆಸರಾಂತ ಕಂಪನಿಗಳ ಹೆಸರು ಬಳಸಿ ನಕಲಿ ತಾಣ ತೆರೆದು, ಜನರಿಂದ ಹಣ ವಸೂಲಿ ಮಾಡಿದ ವಂಚಕರ ಜಾಡು ಹಿಡಿಯಲು ಹೋದಾಗ ಎದುರಾದದ್ದು ಇದೇ ಪರದೆ. ಹಣ ಕಳೆದುಕೊಂಡವರು ಸಾಮಾನ್ಯ ಜನ. ಅವರ ದೃಷ್ಟಿಯಿಂದ ನೋಡಿದರೆ ನ್ಯಾಯಾಲಯದ ಅಸಹನೆ ಅರ್ಥವಾಗುವಂಥದ್ದು.

ಆದರೆ ಪ್ರಶ್ನೆ ಇಷ್ಟೇ: ವಂಚಕ ತನ್ನ ನಿಜವಾದ ವಿಳಾಸವನ್ನು ನಮೂನೆಯಲ್ಲಿ ಬರೆಯುತ್ತಾನೆಯೇ? ಖಂಡಿತ ಇಲ್ಲ. ಪಟ್ಟಿ ಎಷ್ಟೇ ಬಹಿರಂಗವಾಗಿದ್ದರೂ ಅದರಲ್ಲಿ ಸಿಗುವುದು ಅವನು ಕೊಟ್ಟ ಸುಳ್ಳು ವಿಳಾಸ. ನಿಜ ಬರೆಯುವವರು ಶಿಕ್ಷಕಿ, ವ್ಯಾಪಾರಿ, ಬರಹಗಾರರು. ಬಹಿರಂಗದ ಬೆಲೆ ತೆರುವವರೂ ಅವರೇ. ತನಿಖೆಗೆ ಬೇಕಾದದ್ದು ಸಾರ್ವಜನಿಕ ಪಟ್ಟಿಯಲ್ಲ, ರಿಜಿಸ್ಟ್ರಾರ್ ಬಳಿ ಪರಿಶೀಲಿಸಿಟ್ಟ ನಿಜವಾದ ಗುರುತು ಮತ್ತು ಪೊಲೀಸರು ಇಲ್ಲವೆ ನ್ಯಾಯಾಲಯ ಕೇಳಿದಾಗ ವಿಳಂಬವಿಲ್ಲದ ಉತ್ತರ. ಗ್ರಾಹಕರ ಗುರುತಿನ ಪರಿಶೀಲನೆ ನಡೆಸಬೇಕು, ಕೇಳಿದ 72 ಗಂಟೆಗಳೊಳಗೆ ವಿವರ ಒದಗಿಸಬೇಕು ಎಂದು ಅದೇ ತೀರ್ಪು ಹೇಳಿತು. ಈ ಎರಡು ನಿರ್ದೇಶನಗಳು ಸರಿಯಾಗಿ ಜಾರಿಯಾದರೆ ಸಾಲದೆ? ಖಾಸಗಿತನಕ್ಕೆ ಶುಲ್ಕ ಕಟ್ಟಲು ವಂಚಕ ಹಿಂಜರಿಯುವುದಿಲ್ಲ. ಹಿಂಜರಿಯುವವರು ಬಡ ವಿದ್ಯಾರ್ಥಿಗಳು ಮತ್ತು ಅದರ ಅಗತ್ಯವೇ ತಿಳಿಯದ ಹೊಸಬರು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಮೂಲಭೂತ ಹಕ್ಕು ಎಂದ ಮೇಲೆ ಅದು ಶುಲ್ಕ ಕಟ್ಟಿದವರಿಗೆ ಮಾತ್ರ ಸಿಗುವ ಹೆಚ್ಚುವರಿ ಸೌಲಭ್ಯವಾಗಬಾರದು.

ಇನ್ನೂ ಒಂದು ತೊಡಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಮರೆಮಾಡುವ ಆಯ್ಕೆ ಇದ್ದೂ ಅದನ್ನು ಒತ್ತದೆ ಬಿಟ್ಟವರ ವಿವರ ‘ತಾವಾಗಿಯೇ ಸಾರ್ವಜನಿಕಗೊಳಿಸಿದ್ದು’ ಎಂದು ನಾಳೆ ಯಾರಾದರೂ ವಾದಿಸಿದರೆ ಆಶ್ಚರ್ಯವಿಲ್ಲ. ಅಂದರೆ ಒಂದು ಚೌಕಕ್ಕೆ ಗುರುತು ಹಾಕದ ತಪ್ಪಿಗೆ ಕಾನೂನಿನ ರಕ್ಷಣೆಯೇ ಕೈತಪ್ಪುವ ಅಪಾಯವಿದೆ.

ನೋಂದಣಿಗೆ ಮುನ್ನ

ಕಾನೂನಿನ ಚರ್ಚೆ ಏನೇ ಇರಲಿ, ಹೆಸರು ಕೊಳ್ಳುವವರು ತಮ್ಮ ಎಚ್ಚರಿಕೆಯಲ್ಲಿ ತಾವಿರುವುದು ಒಳಿತು.

* ಆರಿಸಿಕೊಂಡ ಡೊಮೇನ್‌ಗೆ ಖಾಸಗಿತನದ ಸೇವೆ ಲಭ್ಯವೇ, ಅದು ತಾನಾಗಿಯೇ ಸಿಗುತ್ತದೆಯೇ ಅಥವಾ ಕೇಳಿ ಪಡೆಯಬೇಕೇ ಎಂದು ಹಣ ಕಟ್ಟುವ ಮೊದಲೇ ನೋಡಿ. ಹಳೆಯ ವಿವರಗಳನ್ನು ಸಂಗ್ರಹಿಸಿಟ್ಟು ಮಾರುವ ಕಂಪನಿಗಳಿವೆ. ಮೊದಲ ದಿನ ಬಯಲಾದ ವಿಳಾಸವನ್ನು ನಂತರ ಮರೆಮಾಡಿ ಪ್ರಯೋಜನವಿಲ್ಲ.

* ಸುಳ್ಳು ವಿವರ ಕೊಡಬೇಡಿ. ಐಕ್ಯಾನ್ ಒಪ್ಪಂದದ ಪ್ರಕಾರ ಉದ್ದೇಶಪೂರ್ವಕ ತಪ್ಪು ಮಾಹಿತಿ ನೀಡಿದರೆ ಅಥವಾ ರಿಜಿಸ್ಟ್ರಾರ್ ವಿಚಾರಿಸಿದಾಗ 15 ದಿನ ಮೀರಿದರೂ ಉತ್ತರಿಸದಿದ್ದರೆ ಹೆಸರನ್ನೇ ಅಮಾನತುಗೊಳಿಸಬಹುದು.

* ನೋಂದಣಿಗೆಂದೇ ಪ್ರತ್ಯೇಕ ಇ-ಮೇಲ್ ಇಟ್ಟುಕೊಳ್ಳಿ. ಅದು ಅದೇ ಡೊಮೇನ್‌ನದ್ದಾಗಿರಬಾರದು, ಏಕೆಂದರೆ ಡೊಮೇನ್ ನಿಂತರೆ ಇ-ಮೇಲ್ ಕೂಡ ನಿಲ್ಲುತ್ತದೆ. ಕಚೇರಿ ಇರುವವರು ಮನೆಯ ಬದಲು ಕಚೇರಿಯ ವಿಳಾಸ ಕೊಡಬಹುದು.

* ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ಡೊಮೇನ್ ನೋಂದಾಯಿಸಬೇಡಿ. ಅದರಿಂದ ನಿಮ್ಮ ಹೆಸರು ಮರೆಯಾಗುವುದು ನಿಜ, ಜತೆಗೆ ಒಡೆತನವೂ ಮರೆಯಾಗುತ್ತದೆ. ನಾಳೆ ಅವರೊಂದಿಗೆ ಮನಸ್ತಾಪ ಬಂದರೆ ವ್ಯಾಪಾರದ ಹೆಸರೇ ಅವರ ಕೈಯಲ್ಲಿರುತ್ತದೆ.

* ನೋಂದಣಿ ಮುಗಿದ ಮೇಲೆ ಒಮ್ಮೆ ಐಕ್ಯಾನ್ ಅಥವಾ ನಿಕ್ಸಿಯ ಹುಡುಕಾಟದ ಪುಟದಲ್ಲಿ ನಿಮ್ಮ ಡೊಮೇನ್ ಹೆಸರು ಕೊಟ್ಟು, ಹೊರಗಿನವರಿಗೆ ಏನೇನು ಕಾಣುತ್ತಿದೆ ಎಂದು ಪರೀಕ್ಷಿಸಿ. ಪ್ರತಿ ವರ್ಷ ನವೀಕರಣದ ಸಮಯದಲ್ಲೂ ಇದನ್ನು ಮಾಡಿ.

ಗುರುತು ಮರೆಮಾಡುವುದೆಂದರೆ ಕಾನೂನಿನಿಂದ ತಪ್ಪಿಸಿಕೊಳ್ಳುವುದಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯುವವನು ತನ್ನ ಎಲ್ಲ ದಾಖಲೆಗಳನ್ನೂ ಕೊಡುತ್ತಾನೆ, ಬ್ಯಾಂಕ್ ಅವನ್ನು ತನ್ನ ಗೋಡೆಗೆ ಅಂಟಿಸುವುದಿಲ್ಲ. ಪೊಲೀಸರು ಕೇಳಿದಾಗ ತೆಗೆದುಕೊಡುತ್ತದೆ. ಡೊಮೇನ್ ವಿಷಯದಲ್ಲೂ ಜನ ಕೇಳುತ್ತಿರುವುದು ಇಷ್ಟನ್ನೇ. ಈ ಸರಳ ವ್ಯತ್ಯಾಸವನ್ನು ನಿಯಮ ರೂಪಿಸುವವರು ಗುರುತಿಸಿದರೆ ವಂಚಕರೂ ಸಿಕ್ಕಿಬೀಳುತ್ತಾರೆ, ಅಮಾಯಕರ ಮನೆಯ ವಿಳಾಸವೂ ಮನೆಯಲ್ಲೇ ಉಳಿಯುತ್ತದೆ.