ನಾರ್ಡಿಕ್ ಮನೆ, ಮೇಲೆ ತಗಡಿನ ಶೀಟು

1/4
ಫೀಡ್ ತುಂಬ ನಾರ್ಡಿಕ್ ಮನೆ. ಬಿಳಿ ಗೋಡೆ, ಬೂದು ಕಾಂಕ್ರೀಟು, ತಿಳಿ ಬಣ್ಣದ ಮರ. ಚಂದ ಉಂಟು, ಇಲ್ಲ ಹೇಳುದಿಲ್ಲ. ಆದ್ರೆ ನಮ್ಮ ಪುತ್ತೂರು, ಸುಳ್ಯ, ಕಡಬಕ್ಕೆ ಬರುವಾಗ ಆ ಮರ ಹೆಚ್ಚಾಗಿ ಮರವೇ ಅಲ್ಲ ಮಾರಾಯ್ರೆ, ಪ್ಲೈವುಡ್ ಮೇಲೆ ಅಂಟಿಸಿದ ಲ್ಯಾಮಿನೇಟು!

2/4
ಅಲ್ಲಿ ಚಳಿಗಾಲದಲ್ಲಿ ಬೆಳಕು ಕಮ್ಮಿ. ಇದ್ದಷ್ಟು ಬೆಳಕು ಒಳಗೆ ಹರಡಲಿ ಅಂತ ಬಿಳಿ ಗೋಡೆ. ಕಾಡಲ್ಲಿ ಪೈನ್, ಬರ್ಚ್ ಧಾರಾಳ. ಫಿನ್ಲೆಂಡಿನ ಅಲ್ವಾರ್ ಆಲ್ಟೊ 1933ರಲ್ಲಿ ಮಾಡಿದ ಪ್ರಸಿದ್ಧ ಸ್ಟೂಲು ಅಲ್ಲಿಯದೇ ಬರ್ಚ್ ಮರದ್ದು. ಅಂದ್ರೆ ನಾರ್ಡಿಕ್ ಅಂದ್ರೆ ಬಣ್ಣ ಅಲ್ಲ. ಊರಿನ ಮರ, ಊರಿನ ಹವೆ.

3/4
ನಮ್ಮ ಹವೆ ಎಂತದ್ದು? ಜೂನಿಂದ ಸೆಪ್ಟೆಂಬರ್ ಜಡಿಮಳೆ. ಬಿಳಿ ಗೋಡೆಗೆ ಪಾಚಿ, ಕಪಾಟಿಗೆ ಬೂಸ್ಟು. ಚಪ್ಪಟೆ ಟೆರೇಸ್ ಸೋರಿದ ಮೇಲೆ ಅದರ ಮೇಲೊಂದು ಶೀಟು. ಒಂದು ಮನೆಗೆ ಎರಡು ಮಾಡು, ಎರಡು ಬಿಲ್ಲು. ಬಿಕಾಂನವರೇ, ಇದನ್ನು ಯಾವ ಕಾಲಮ್ಮಿಗೆ ಹಾಕ್ತೀರಿ?

4/4
ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಹಂಚು, ಇಳಿಜಾರು ಮಾಡು, ಮುರಕಲ್ಲಿನ ಗೋಡೆ, ಹಲಸಿನ ಬಾಗಿಲು, ರೆಡ್‌ಆಕ್ಸೈಡ್ ನೆಲ, ಖಾಲಿ ಚಾವಡಿ. ಇದಕ್ಕಿಂತ ಮಿನಿಮಲ್ ಬೇಕಾ?

ಕತ್ತಲೆ ಅಂತೀರಾ? ಎರಡು ಗ್ಲಾಸು ಹಂಚು ಇಡಿ. ಸೋರ್ತದಾ? ಒಡೆದ ಹಂಚು ಬದಲಿಸಿ. ಅದು ಬಿಟ್ಟು ಹಲಸಿನ ಮರವನ್ನು ಸಿಕ್ಕಿದ ರೇಟಿಗೆ ಮಾರಿ, ಸಾಲದಲ್ಲಿ ಲ್ಯಾಮಿನೇಟ್ ತರುವುದು ಸ್ಟೈಲ್ ಅಲ್ಲ, ನಷ್ಟ.

ಮನೆಯಲ್ಲಿ ರೀಲ್ಸ್ ತೋರಿಸುವ ಮುಂಚೆ ಊರಿನ ಆಚಾರಿಯನ್ನು ಒಮ್ಮೆ ಕೇಳಿ. ಇಎಂಐ ಕಟ್ಟುವುದು ನಿಮ್ಮ ಫಾಲೋವರ್ಸ್ ಅಲ್ಲ, ಅಪ್ಪನ ಅಡಿಕೆ.